ತಲೆಬಾಗಿಲು, ಚೌಕಟ್ಟು, ಪಡಸಾಲೆ ಕಂಬ: ಕಲಬುರಗಿ ಸೀಮೆಯ ಹಳೆ ಮನೆಗಳ ಹೊರಗಿನ ಕಟ್ಟಿಗೆ ದುರಸ್ತಿ

ಕಲಬುರಗಿ, ಬೀದರ್, ಯಾದಗಿರಿಯ ಹಳೆ ಓಣಿಗಳಲ್ಲಿ ಯಾವ ಮನೆಯ ಮುಂದೆ ಬೇಕಾದರೂ ನಿಂತು ಚೌಕಟ್ಟಿನ ಕೆಳಗಿನ ಒಂದು ಗೇಣು ನೋಡಿ. ಮೇಲಿನ ಐದಾರು ಅಡಿ ಸಾಗವಾನಿ ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ ಇರುತ್ತದೆ. ಕೆಳಗಿನ ಆ ಒಂದು ಗೇಣು ಮಾತ್ರ ಕುಂಬಾಗಿ, ಬೆರಳಿಟ್ಟರೆ ಉದುರುತ್ತದೆ. ಅಷ್ಟಕ್ಕೇ ಇಡೀ ಚೌಕಟ್ಟು ಕಿತ್ತು ಹಳೆ ಕಟ್ಟಿಗೆ ಅಂಗಡಿಗೆ ಹಾಕಿ, ಕಬ್ಬಿಣದ ಚೌಕಟ್ಟು ತಂದು ಕೂಡಿಸುವುದು ಈಗಿನ ರೂಢಿ. ಅಂಗಡಿಯವನಿಗೆ ಅದು ಲಾಭದ ವ್ಯವಹಾರ. ನಿಧಾನಕ್ಕೆ ಬೆಳೆದು ಚೇಗು (ಮರದ ನಡುವಿನ ಗಟ್ಟಿ ಭಾಗ) ಕಟ್ಟಿದ ಅಂಥ ಕಟ್ಟಿಗೆ ಇವತ್ತಿನ ತೋಪಿನ ಸಾಗವಾನಿಯಲ್ಲಿ ಸಿಗುವುದು ಕಷ್ಟ. ಹಾಳಾದ ಒಂದು ಗೇಣನ್ನಷ್ಟೇ ಕೊಯ್ದು ಹೊಸ ತುಂಡು ಜೋಡಿಸಿದರೆ ಉಳಿದದ್ದು ಇನ್ನೊಂದು ತಲೆಮಾರು ನಿಲ್ಲುತ್ತದೆ.

ಕಟ್ಟಿಗೆ ತನ್ನಷ್ಟಕ್ಕೆ ತಾನು ಹಳತಾಗಿ ಸಾಯುವುದಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಕಂಬಗಳನ್ನು ನೋಡಿದವರಿಗೆ ಇದು ಗೊತ್ತು. ಆ ಮಹಲಿಗೆ ಈಗಿನ ರೂಪ ಕೊಟ್ಟ ಅಲಿ ಬರೀದ್ ಶಾ ಆಳಿದ್ದು 1542ರಿಂದ 1580ರವರೆಗೆ. ತಲೆಯ ಮೇಲೆ ಮಾಡು ಇದ್ದು, ಬುಡದಲ್ಲಿ ನೀರು ನಿಲ್ಲದಿದ್ದರೆ ಕಟ್ಟಿಗೆ ಶತಮಾನ ದಾಟುತ್ತದೆ. ಆದ್ದರಿಂದ ಮುಂದಿನ ಎಲ್ಲ ಕೆಲಸಕ್ಕೂ ಒಂದೇ ಕ್ರಮ: ನೀರು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಿರಿ, ಅದನ್ನು ನಿಲ್ಲಿಸಿ, ಆಮೇಲೆ ಉಳಿ-ಗರಗಸ ತೆಗೆಯಿರಿ. ಬಣ್ಣ ಕಟ್ಟಕಡೆಗೆ. ನಮ್ಮಲ್ಲಿ ನಡೆಯುವುದು ತಿರುವುಮುರುವು. ಹಬ್ಬ ಬಂತು ಅಂದಕೂಡಲೇ ಕುಂಬಿನ ಮೇಲೇ ಪುಟ್ಟಿ ಮೆತ್ತಿ, ಅದರ ಮೇಲೆ ಎನಾಮಲ್ ಬಳಿದು, ಒಳಗಿನ ತೇವಕ್ಕೆ ಹೊರಹೋಗುವ ದಾರಿಯನ್ನೂ ಮುಚ್ಚಿಬಿಡುತ್ತಾರೆ.

ಯಾವಾಗ ಕೈ ಹಚ್ಚಬೇಕು

ದಸರೆ ಕಳೆದ ಮೇಲಿಂದ ಸಂಕ್ರಾಂತಿವರೆಗೆ. ಮಳೆ ಮುಗಿದು ಕಟ್ಟಿಗೆ ಒಣಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಏಪ್ರಿಲ್-ಮೇ ತಿಂಗಳ 42 ಡಿಗ್ರಿಯಲ್ಲಿ ಬಳಿದ ಬಣ್ಣ ಮೇಲ್ಗಡೆ ಕೆನೆಗಟ್ಟಿ ಒಳಗೆ ಹಸಿಯಾಗಿ ಉಳಿಯುತ್ತದೆ. ವಾರದಲ್ಲಿ ಗುಳ್ಳೆ ಏಳುತ್ತದೆ. ಅಂಟು ಕಲಸಿದ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಜುಲೈ-ಆಗಸ್ಟಿನಲ್ಲಿ ಕಟ್ಟಿಗೆ ಉಬ್ಬಿರುವುದರಿಂದ ಅಳತೆಯೇ ಸುಳ್ಳು ಹೇಳುತ್ತದೆ.

ಈ ಉಬ್ಬು-ತಗ್ಗಿನ ಲೆಕ್ಕ ತಿಳಿದಿರಲಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಕಟ್ಟಿಗೆಯ ತೇವ ನೂರಕ್ಕೆ 6-8ಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ 14-15ರ ಸುಮಾರಿಗೆ ಏರುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಅಗಲಕ್ಕೆ ಮಾತ್ರ, ಕಡಿಮೆ ಅಲುಗಾಡುವ ಸಾಗವಾನಿಯಲ್ಲೂ, 10 ಇಂಚಿನ ಹಲಗೆ 3 ಮಿ.ಮೀ.ನಷ್ಟು ಹಿಗ್ಗಿ ಕುಗ್ಗುತ್ತದೆ. ಬೇವು, ಜಾಲಿ ಇನ್ನೂ ಹೆಚ್ಚು. ಮೇ ತಿಂಗಳಲ್ಲಿ ಬಿರುಕಿಗೆ ಕಲ್ಲಿನಂಥ ಪುಟ್ಟಿ ತುರುಕಿದರೆ ಆಗಸ್ಟಿನಲ್ಲಿ ಹಲಗೆಗೆ ಹಿಗ್ಗಲು ಜಾಗ ಇರುವುದಿಲ್ಲ. ಆಗ ಪುಟ್ಟಿ ಹೊರಗೆ ಹಾರುತ್ತದೆ, ಇಲ್ಲವೇ ಪಕ್ಕದಲ್ಲಿ ಹೊಸ ಸೀಳು ಬೀಳುತ್ತದೆ.

ರೋಗ ಗುರುತಿಸುವುದು

ಬೇಕಾದದ್ದು ಒಂದು ದಬ್ಬಣ, ಒಂದು ಬ್ಯಾಟರಿ, ಸೀಮೆಸುಣ್ಣದ ತುಂಡು. ಎರಡು ಮುಳ್ಳಿನ ತೇವಮಾಪಕ ಇದ್ದರೆ ಇನ್ನೂ ಒಳ್ಳೆಯದು.

ಬುಡದಿಂದ ಶುರುಮಾಡಿ ಎರಡೆರಡು ಇಂಚಿಗೆ ದಬ್ಬಣ ಒತ್ತುತ್ತಾ ಮೇಲಕ್ಕೆ ಬನ್ನಿ. ಗಟ್ಟಿ ಕಟ್ಟಿಗೆಯಲ್ಲಿ ಕೈಬಲಕ್ಕೆ ಮೊನೆ ಮಾತ್ರ ನಾಟುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಅನುಮಾನ ಇದ್ದರೆ ದಬ್ಬಣದಿಂದ ಒಂದು ಸಣ್ಣ ಸಿಬರು ಎತ್ತಿ ನೋಡಿ. ಆರೋಗ್ಯದ ಕಟ್ಟಿಗೆ ಉದ್ದುದ್ದ ನಾರಾಗಿ, ಚಟಚಟ ಸದ್ದು ಮಾಡುತ್ತ ಏಳುತ್ತದೆ. ಕುಂಬು ಹತ್ತಿದ್ದು ಸದ್ದಿಲ್ಲದೆ ಬಿಸ್ಕತ್ತಿನಂತೆ ಮೋಟಾಗಿ ಮುರಿಯುತ್ತದೆ. ಬಣ್ಣದ ಕೆಳಗೆ ಏನಿದೆ ಎಂದು ತಿಳಿಯಲು ಇದಕ್ಕಿಂತ ಸರಳ ಪರೀಕ್ಷೆ ಇಲ್ಲ.

ಹಾಳಾದದ್ದು ಯಾವುದರಿಂದ ಎಂಬುದು ಮುಂದಿನ ಪ್ರಶ್ನೆ. ಕಂದು ಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಚೌಕಗಳಾಗಿ ಒಡೆದಿದ್ದರೆ, ಅಥವಾ ಬೆಳ್ಳಗೆ ನಾರುನಾರಾಗಿದ್ದರೆ ಅದು ಬೂಸ್ಟಿನ ಕೆಲಸ, ಅಂದರೆ ನೀರಿನ ಕೆಲಸ. ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಈ ಬೂಸ್ಟು ಬೆಳೆಯುವುದಿಲ್ಲ. ನಾರಿನ ಉದ್ದಕ್ಕೂ ಪದರುಪದರಾಗಿ ತಿಂದು, ಪೊಳ್ಳಿನಲ್ಲಿ ಮಣ್ಣು ತುಂಬಿದ್ದರೆ ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲಿ. ಒಂದೆರಡು ಮಿ.ಮೀ.ನ ದುಂಡನೆ ತೂತುಗಳಿದ್ದು ಕೆಳಗೆ ಗೋಧಿ ಹಿಟ್ಟಿನಂಥ ನುಣುಪು ಪುಡಿ ಉದುರಿದ್ದರೆ ಕೊರೆಯುವ ಹುಳ. ಅದು ಹೆಚ್ಚಾಗಿ ಹೊರಗಿನ ಬಿಳಿ ಕಟ್ಟಿಗೆಯಲ್ಲೇ ಇರುತ್ತದೆ, ಚೇಗಿನ ತಂಟೆಗೆ ಬರುವುದಿಲ್ಲ. ಇನ್ನು ಮೇಲ್ಮೈ ಬೂದಿ ಬಣ್ಣವಾಗಿ, ಸವರಿದರೆ ನವುರು ಎಳೆ ಎದ್ದಂತಿದ್ದರೆ ಗಾಬರಿ ಬೇಡ. ಅದು ಬಿಸಿಲು ಸುಟ್ಟದ್ದು. ಒಂದೆರಡು ಮಿ.ಮೀ. ಕೆಳಗೆ ಕಟ್ಟಿಗೆ ಹೊಸದರಂತೆಯೇ ಇರುತ್ತದೆ.

"ಸಾಗವಾನಿಗೆ ಒರಲಿ ಹತ್ತಂಗಿಲ್ಲ" ಎಂಬ ಮಾತು ಅರ್ಧ ನಿಜ. ಚೇಗಿಗೆ ಬೇಗ ಹತ್ತುವುದಿಲ್ಲ. ಅದೇ ಹಲಗೆಯ ಅಂಚಿನ ಬಿಳಿ ಕಟ್ಟಿಗೆಯನ್ನು ಅದು ಬಿಡುವುದಿಲ್ಲ.

ನೀರಿನ ದಾರಿಗಳು

ಕಟ್ಟಿಗೆಯನ್ನು ಕಟ್ಟು ಹುಲ್ಲುಕಡ್ಡಿ ಎಂದುಕೊಳ್ಳಿ. ಕಡ್ಡಿಗಳ ಪಕ್ಕದಿಂದ ನೀರು ನಿಧಾನ ಇಳಿಯುತ್ತದೆ, ಕೊಯ್ದ ತುದಿಯಿಂದ ಸರಸರ ಏರುತ್ತದೆ. ಚೌಕಟ್ಟಿನ ಕಾಲಿನ ಬುಡ, ಬಾಗಿಲ ಹಲಗೆಯ ಮೇಲಿನ ಮತ್ತು ಕೆಳಗಿನ ಅಂಚು, ಕಂಬದ ತಳ, ಸೂರಿನ ಹಲಗೆಯ ತುದಿ, ಇವೆಲ್ಲ ಕೊಯ್ದ ತುದಿಗಳು. ಹಾಳಾಗುವುದೂ ಅಲ್ಲೇ. ಬಣ್ಣದವನ ಕುಂಚ ಮುಟ್ಟದ ಜಾಗಗಳೂ ಅವೇ.

ಹೊಸ್ತಿಲು ಮೊದಲ ದಾರಿ. ದಿನಾ ಬೆಳಿಗ್ಗೆ ನೀರು ಹಾಕಿ ತೊಳೆದು ಅರಿಷಿಣ-ಕುಂಕುಮ ಇಡುವ ಮನೆಗಳಲ್ಲಿ ಆ ನೀರು ಹೊಸ್ತಿಲಿನ ಎರಡು ತುದಿಗೆ ಸರಿದು, ಚೌಕಟ್ಟಿನ ಕಾಲು ಕೂಡುವ ಸಂದಿಗೆ ಇಳಿಯುತ್ತದೆ. ಪೂಜೆ ಬಿಡಬೇಕಿಲ್ಲ. ಚೊಂಬಿನಿಂದ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಲೆಗಳನ್ನು ಒಣ ಬಟ್ಟೆಯಿಂದ ಒತ್ತಿದರೆ ಸಾಕು. ಹೊಸ್ತಿಲಿನ ಮೇಲ್ಮೈ ಹೊರಗಡೆಗೆ ಕೊಂಚ ಇಳಿಜಾರಾಗಿರುವಂತೆ ರಂದಾ ಹೊಡೆಸಿ. 4 ಇಂಚಿಗೆ 3 ಮಿ.ಮೀ. ಇಳಿದರೆ ಹನಿ ನಿಲ್ಲುವುದಿಲ್ಲ.

ಎರಡನೆಯದು ಸಿಮೆಂಟ್. ಕಲ್ಲು-ಮಣ್ಣಿನ, ಸುಣ್ಣದ ಗಾರೆಯ ಹಳೆ ಗೋಡೆ ನೆಲದ ತೇವವನ್ನು ಹೀರಿ ಮೈಯೆಲ್ಲ ಬಿಡುತ್ತ ಬಂದಿರುತ್ತದೆ. ಅದಕ್ಕೆ ಸಿಮೆಂಟ್ ಗಿಲಾಯಿ ಹೊಡೆದರೆ ತೇವಕ್ಕೆ ಆ ದಾರಿ ಮುಚ್ಚುತ್ತದೆ. ಅದು ಇನ್ನೂ ಮೇಲೇರಿ ಚೌಕಟ್ಟಿನ ಮೂಲಕ ಹೊರಬರಲು ನೋಡುತ್ತದೆ. ಅದರ ಮೇಲೆ ಮೇಸ್ತ್ರಿ ಚೌಕಟ್ಟಿನ ಬುಡವನ್ನೇ ಎರಡಿಂಚು ಸಿಮೆಂಟಿನಲ್ಲಿ ಹುಗಿದಿದ್ದರೆ ಅದು ಬಟ್ಟಲಿನಲ್ಲಿ ಕಾಲಿಟ್ಟು ನಿಂತ ಹಾಗೆ. ಇದಕ್ಕೆ ಮದ್ದು:

1. ಸಣ್ಣ ಉಳಿಯಿಂದ ಚೌಕಟ್ಟಿನ ಸುತ್ತ ಸಿಮೆಂಟನ್ನು 10-12 ಮಿ.ಮೀ. ಅಗಲಕ್ಕೆ, ಒಂದಿಂಚು ಆಳಕ್ಕೆ ಒಡೆದು ತೆಗೆಯಿರಿ. ಬುಡದಲ್ಲಿ ಪೂರ್ತಿ ಬಿಡಿಸಿ.
2. ವಾರವಿಡೀ ಹಾಗೇ ಬಿಟ್ಟು ಒಣಗಿಸಿ. ಈ ವಾರವನ್ನು ಉಳಿಸಲು ಹೋದವರು ಮುಂದಿನ ಕೆಲಸವನ್ನೆಲ್ಲ ಕಳೆದುಕೊಳ್ಳುತ್ತಾರೆ.
3. ನೆನೆಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಉಸುಕು ಮೂರು ಪಾಲು ಕಲಸಿ ಸಂದಿ ತುಂಬಿ. ಸುಣ್ಣ ಉಸಿರಾಡುತ್ತದೆ, ಕಟ್ಟಿಗೆಯ ಜೊತೆ ಕೊಂಚ ಅಲುಗುತ್ತದೆ. ಮೂರು-ನಾಲ್ಕು ದಿನ ಒದ್ದೆ ಗೋಣಿ ಕಟ್ಟಿ ಹದ ಮಾಡಿ. ಗೋಣಿ ಕಟ್ಟಿಗೆಗೆ ತಾಗದಿರಲಿ.

ಮೂರನೆಯದು ಮಾಳಿಗೆಯ ಹರನಾಳ, ಅಂದರೆ ಮಳೆನೀರು ಹೊರಬೀಳುವ ದೋಣಿ. ಅದರ ನೀರು ಫರ್ಸಿಯ ಮೇಲೆ ಬಿದ್ದು ಸಿಡಿದು ಒಂದು-ಒಂದೂವರೆ ಅಡಿ ಎತ್ತರಕ್ಕೆ ಚೌಕಟ್ಟನ್ನು ತೋಯಿಸುತ್ತದೆ. ಹರನಾಳಕ್ಕೆ ಪೈಪು ಜೋಡಿಸಿ ನೆಲದವರೆಗೆ ಇಳಿಸುವುದು ಅರ್ಧ ದಿನದ ಕೆಲಸ.

ಕಲಬುರಗಿ, ಯಾದಗಿರಿಯ ಎರೆ ಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ಈ ನೆಲ ಗೋಡೆಯನ್ನೇ ಎತ್ತಿ ಇಳಿಸುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ. ಬಾಗಿಲು ಸಿಕ್ಕಿಕೊಂಡಿತೆಂದು ರಂದಾ ಹಿಡಿಯುವ ಮುಂಚೆ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದು, ಚೌಕಟ್ಟಿನ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಹೋಗಿದ್ದರೆ ತಪ್ಪು ಬಾಗಿಲಿನದಲ್ಲ, ಬುನಾದಿಯದು. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಶಹಾಬಾದ್ ಫರ್ಸಿ ಹಾಸಿ, ಹೊರಗೆ ಒಂದಿಂಚು ಇಳಿಜಾರು ಕೊಟ್ಟರೆ ಬುಡದ ಮಣ್ಣಿನ ತೇವ ಏರಿಳಿಯುವುದು ಕಡಿಮೆಯಾಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಇಲ್ಲ. ಅಲ್ಲಿ ತೂತುತೂತಿನ ಆ ಕಲ್ಲೇ ನೀರು ಹೀರುತ್ತದೆ, ಕಟ್ಟಿಗೆಗೆ ತಾಗಿದ ಕಲ್ಲಿನ ಮೇಲೆ ಸುಣ್ಣದ ಗಾರೆ ಇರಲೇಬೇಕು.

ಒರಲಿ ಇದ್ದರೆ

ಮಣ್ಣಿನ ಗೂಡುದಾರಿಯನ್ನು ಪೊರಕೆಯಿಂದ ಗುಡಿಸಿ ಸೀಮೆಎಣ್ಣೆ ಚಿಮುಕಿಸಿದರೆ ಒರಲಿ ಹೋಗುವುದಿಲ್ಲ. ಅದರ ಮನೆ ನೆಲದಲ್ಲಿದೆ, ನಿಮ್ಮ ಚೌಕಟ್ಟು ಅದಕ್ಕೆ ಊಟದ ಮನೆ ಮಾತ್ರ. ಮೊದಲು ದಾರಿಯನ್ನು ಎರಡಿಂಚು ಒಡೆದು ನಾಲ್ಕು ದಿನ ಬಿಡಿ. ಮತ್ತೆ ಮೆತ್ತಿಕೊಂಡಿದ್ದರೆ ಜೀವಂತ ಇದೆ ಎಂದರ್ಥ.

ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ ಔಷಧ ಒರಲಿಗೆಂದೇ ಸಿಗುತ್ತದೆ. ಒಂದು ಲೀಟರ್ ನೀರಿಗೆ 2.1 ಮಿ.ಲೀ., ಅಂದರೆ 10 ಲೀಟರಿಗೆ 21 ಮಿ.ಲೀ. ಗೋಡೆ ಮತ್ತು ನೆಲ ಕೂಡುವ ಕಡೆ, ಚೌಕಟ್ಟಿನ ಎರಡೂ ಬದಿಗೆ, ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು ಪ್ರತಿ ತೂತಿಗೆ ಒಂದು ಲೀಟರ್ ನಿಧಾನ ಇಳಿಸಿ. ಚೌಕಟ್ಟು ಗೋಡೆಗೆ ತಾಗುವ ಅಂಚಿನಲ್ಲಿ 6 ಇಂಚಿಗೊಂದು 6 ಮಿ.ಮೀ. ತೂತನ್ನು ಕೆಳಮುಖವಾಗಿ ಓರೆ ಕೊರೆದು, ಸಿರಿಂಜಿನಿಂದ ಇನ್ನು ಕುಡಿಯುವುದಿಲ್ಲ ಎನ್ನುವವರೆಗೆ ಬಿಡಿ. ಕೈಗವಸು, ಮೂಗಿಗೆ ಮುಖವಾಡ ಇರಲಿ. ಬಾವಿ, ಬೋರು, ನೆಲದೊಳಗಿನ ನೀರಿನ ಟಾಕಿ ಹತ್ತಿರ ಇದ್ದರೆ ಈ ಕೆಲಸ ಸ್ವಂತಕ್ಕೆ ಮಾಡಬೇಡಿ. ತೂತುಗಳನ್ನು ಮರುದಿನ ಮುಚ್ಚಿ.

ಕೊರೆಯುವ ಹುಳಕ್ಕೆ, ಹೊಸದಾಗಿ ಜೋಡಿಸುವ ತುಂಡುಗಳಿಗೆ ಬೋರಾನ್ ದ್ರಾವಣ ಸಾಕು, ಅಗ್ಗವೂ ಹೌದು. ಒಂದು ಲೀಟರ್ ಬಿಸಿ ನೀರಿಗೆ ಬೋರಾಕ್ಸ್ (ಬಿಳಿಗಾರ) 30 ಗ್ರಾಂ, ಬೋರಿಕ್ ಪುಡಿ 20 ಗ್ರಾಂ ಕರಗಿಸಿ, ಬಣ್ಣ ಕೆರೆದ ಬರಿ ಕಟ್ಟಿಗೆಗೆ ದಿನಕ್ಕೊಂದು ಕೈಯಂತೆ ಮೂರು ಕೈ ಕೊಡಿ. ಮಳೆನೀರಿಗೆ ಇದು ತೊಳೆದುಹೋಗುತ್ತದೆ. ಆದ್ದರಿಂದ ಒಣಗಿದ ಮೇಲೆ ಎಣ್ಣೆ ಅಥವಾ ಬಣ್ಣ ಬೀಳಲೇಬೇಕು. ಮಕ್ಕಳ ಕೈಗೆ ಸಿಗದಂತೆ ಇಡಿ.

ಕುಂಬಾದ ಕಾಲಿಗೆ ಹೊಸ ತುಂಡು: ಓರೆ ಜೋಡು

ಇಡೀ ಮಾರ್ಗದರ್ಶಿಯಲ್ಲಿ ಕೈಚಳಕ ಬೇಡುವುದು ಇದೊಂದೇ. ಒಳ್ಳೆಯ ಬಡಿಗರಿಗೆ ಒಂದು ಕಾಲಿಗೆ ಒಂದು ದಿನ ಹಿಡಿಯುತ್ತದೆ. ಸ್ವಂತ ಮಾಡುವವರಿಗೆ ಎರಡು ದಿನ. ಸಾಮಾನ್ಯವಾದ 4 ಇಂಚು × 3 ಇಂಚು ಚೌಕಟ್ಟಿನ ಲೆಕ್ಕ ಇಲ್ಲಿದೆ.

ಮೊದಲು ಒಂದು ಎಚ್ಚರಿಕೆ. ಹಳೆ ಮನೆಗಳಲ್ಲಿ ಬಾಗಿಲ ಮೇಲಿನ ಗೋಡೆಯ ಭಾರ ಚೌಕಟ್ಟಿನ ಮೇಲೇ ಕೂತಿರಬಹುದು. ಮೇಲಿನ ಅಡ್ಡಪಟ್ಟಿ ನಡುವೆ ಬಾಗಿದ್ದರೆ, ಅಥವಾ ಅದರ ಮೇಲೆ ಪ್ರತ್ಯೇಕ ಕಲ್ಲಿನ ತೊಲೆ ಕಾಣದಿದ್ದರೆ, ಕೊಯ್ಯುವ ಮುಂಚೆ ಅಡ್ಡಪಟ್ಟಿಯ ಕೆಳಗೆ ಎರಡು ಬಲ್ಲಿ (ಆಸರೆಯ ಕಟ್ಟಿಗೆ ಕಂಬ) ಊರಿ ಬೆಣೆ ಹೊಡೆದು ಬಿಗಿಮಾಡಿ. ಬೆಣೆ ಬಿಗಿಯಾಗಲಿ, ಗೋಡೆ ಮೇಲೇಳುವಷ್ಟು ಬೇಡ.

1. ಬಾಗಿಲ ಹಲಗೆ ಬಿಚ್ಚಿ ಪಕ್ಕಕ್ಕಿಡಿ. ಎಡ-ಬಲ, ಮೇಲೆ-ಕೆಳಗೆ ಎಂದು ಸೀಮೆಸುಣ್ಣದಲ್ಲಿ ಬರೆದಿಡಿ.

2. ದಬ್ಬಣದ ಗುರುತಿನ ಮೇಲೆ ಇನ್ನೂ ಎರಡು ಇಂಚು ಆರೋಗ್ಯದ ಕಟ್ಟಿಗೆಯನ್ನು ಸೇರಿಸಿ ಕೊಯ್ಯುವ ಗೆರೆ ಹಾಕಿ. ಬೂಸ್ಟಿನ ಎಳೆ ಕಣ್ಣಿಗೆ ಕಾಣುವ ಕುಂಬಿಗಿಂತ ಮುಂದೆ ಹೋಗಿರುತ್ತದೆ. ಇಲ್ಲಿ ಕೈ ಬಿಗಿಹಿಡಿದರೆ ಐದು ವರ್ಷಕ್ಕೆ ಮತ್ತೆ ಇದೇ ಕೆಲಸ.

3. ನೇರ ಅಡ್ಡ ಕೊಯ್ತ ಬೇಡ. ಕೊಯ್ದ ತುದಿಗೆ ಕೊಯ್ದ ತುದಿ ಅಂಟು ಹಿಡಿಯುವುದಿಲ್ಲ. ಓರೆ ಕೊಯ್ಯಬೇಕು. ಓರೆಯ ಉದ್ದ ದಪ್ಪದ ಮೂರು ಪಟ್ಟು, 3 ಇಂಚು ದಪ್ಪಕ್ಕೆ 9 ಇಂಚು. ಓರೆ ಹೊರಗಡೆಗೆ ಇಳಿಯಬೇಕು. ಹಳೆ ಕಟ್ಟಿಗೆಯ ಬೀದಿಯ ಮುಖ ಕೆಳಗಿನವರೆಗೆ ಉದ್ದಕ್ಕೆ ಬಂದು, ಮನೆಯೊಳಗಿನ ಮುಖ ಮೋಟಾಗಬೇಕು. ಹೆಂಚಿನ ಮೇಲೆ ಹೆಂಚು ಕೂತ ಹಾಗೆ ಹಳೆಯದು ಹೊಸದನ್ನು ಮುಚ್ಚುತ್ತದೆ. ಬೀದಿ ಕಡೆಯಿಂದ ಜಾರಿದ ನೀರು ಜೋಡಿನೊಳಗೆ ಹೋಗದೆ ಕೆಳಗೆ ಉದುರುತ್ತದೆ. ಇದನ್ನು ತಿರುವಿ ಕೊಯ್ದರೆ ಜೋಡು ನೀರಿಗೆ ಬಾಯಿ ತೆರೆದು ನಿಂತಂತೆ. ಎಷ್ಟೋ ದುರಸ್ತಿಗಳು ಎರಡೇ ಮಳೆಗಾಲಕ್ಕೆ ಬಿಚ್ಚಿಕೊಳ್ಳುವುದು ಇದೊಂದೇ ಕಾರಣಕ್ಕೆ.

4. ಹೊಸ ತುಂಡಿಗೆ ಹಳೆ ಸಾಗವಾನಿಯನ್ನೇ ತನ್ನಿ. ಹಳೆ ಕಟ್ಟಿಗೆ ಅಂಗಡಿಯಲ್ಲಿ ಒಡೆದ ಮನೆಗಳ ತುಂಡು ಸಿಗುತ್ತದೆ. ಅದು ಈಗಾಗಲೇ ಒಣಗಿ ಕೂತಿರುತ್ತದೆ. ಹಸಿ ಕಟ್ಟಿಗೆ ಒಣಗುತ್ತಾ ಕುಗ್ಗಿ ಜೋಡನ್ನು ಎಳೆದು ಒಡೆಯುತ್ತದೆ. ನಾರು ಹಳೆಯದರ ದಿಕ್ಕಿನಲ್ಲೇ ಇರಲಿ. ಬಿಳಿ ಅಂಚು ಇದ್ದರೆ ಕೊಯ್ದು ಬಿಸಾಡಿ.

5. ಹೊಸ ತುಂಡಿನ ಬುಡವನ್ನು ಮಾತ್ರ ಬೋರಾನ್ ದ್ರಾವಣದಲ್ಲಿ ಎರಡು ಇಂಚು ಮುಳುಗುವಂತೆ ರಾತ್ರಿಯೆಲ್ಲ ನಿಲ್ಲಿಸಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಜೋಡಿನ ಮುಖಕ್ಕೆ ದ್ರಾವಣ, ಎಣ್ಣೆ ಏನೂ ತಾಗಬಾರದು.

6. ಬುಡದಲ್ಲಿ ನೆಲಕ್ಕಿಂತ ಒಂದಿಂಚು ಎತ್ತರಕ್ಕೆ ಶಹಾಬಾದ್ ಫರ್ಸಿಯ ತುಂಡು ಕೂಡಿಸಿ. ಕಾಲು ಇನ್ನುಮುಂದೆ ಕಲ್ಲಿನ ಮೇಲೆ ನಿಲ್ಲಬೇಕು, ಮಣ್ಣಿನಲ್ಲಾಗಲಿ ಸಿಮೆಂಟಿನಲ್ಲಾಗಲಿ ಹುಗಿಯಬಾರದು.

7. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಒಂದು ಮುಖಕ್ಕೆ ಸೀಮೆಸುಣ್ಣ ಬಳಿದು ಒತ್ತಿ. ಗುರುತು ಬಿದ್ದ ಕಡೆ ಉಬ್ಬು ಇದೆ, ಅಲ್ಲಿ ಉಳಿಯಿಂದ ಕೆರೆಯಿರಿ. ಅರ್ಧ ಮಿ.ಮೀ. ಒಳಗೆ ಬರುವವರೆಗೆ ಬಿಡಬೇಡಿ.

8. ಸಾಗವಾನಿಯಲ್ಲಿ ತನ್ನದೇ ಎಣ್ಣೆ ಇದೆ, ಅದು ಅಂಟನ್ನು ದೂಡುತ್ತದೆ. ಎರಡೂ ಮುಖವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಎಪಾಕ್ಸಿ ಹಚ್ಚಿ. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ, ಹೊರಗಿನ ಕೆಲಸಕ್ಕೆ ಅದು ಬೇಡ. ಅರಾಲ್ಡೈಟ್ ಥರದ ಎರಡು ಕೊಳವೆಯ ಅಂಟು ಒಂದು ಜೋಡಿಗೆ ಸುಮಾರು 60-80 ಗ್ರಾಂ ಬೇಕಾಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಎಪಾಕ್ಸಿಯ ಕೆಲಸದ ಅವಧಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆಯೇ ಕಲಸಿ.

9. ಕ್ಲ್ಯಾಂಪ್ ಹಾಕಿ ಬಿಗಿದು, ಓರೆಗೆ ಅಡ್ಡವಾಗಿ 10 ಮಿ.ಮೀ. ತೂತು ಎರಡು ಕೊರೆದು ಒಣ ಬಿದಿರಿನ ಗೂಟ ಹೊಡೆಯಿರಿ. ಎರಡು ಗೂಟದ ನಡುವೆ ನಾಲ್ಕು ಇಂಚು ಅಂತರ ಇರಲಿ. ಗೂಟದ ಬದಲು ಸ್ಟೇನ್‌ಲೆಸ್ ತಿರುಪು ಆಗಬಹುದು. ಸಾದಾ ಕಬ್ಬಿಣದ ಮೊಳೆ ಬೇಡ. ಅದು ತುಕ್ಕು ಹಿಡಿದು ಉಬ್ಬುತ್ತದೆ, ಕಟ್ಟಿಗೆಯ ಒಗರಿನ ಜೊತೆ ಸೇರಿ ಕಪ್ಪು ಕಲೆ ಬಿಡುತ್ತದೆ. ಜಾಲಿಯಲ್ಲಿ ಈ ಕಲೆ ಎದ್ದು ಕಾಣುತ್ತದೆ.

10. 24 ಗಂಟೆ ಮುಟ್ಟಬೇಡಿ. ಆಮೇಲೆ ಬಲ್ಲಿಯ ಬೆಣೆಯನ್ನು ಒಂದೇ ಸಲ ಕಿತ್ತುಹಾಕದೆ, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಸಡಿಲಿಸಿ.

ಪಡಸಾಲೆಯ ಕಂಬಕ್ಕೂ ತತ್ವ ಇದೇ, ಅಪಾಯ ಬೇರೆ. ಒಂದು ಅಡಿ ದಪ್ಪದ ಮಣ್ಣಿನ ಮಾಳಿಗೆ ಒಂದು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತದೆ. ಒಂದು ಕಂಬಕ್ಕೆ ನಾಲ್ಕು ಚದರ ಮೀಟರ್ ಮಾಳಿಗೆ ಬಂದರೆ ಎರಡು ಟನ್. ತೊಲೆ, ಜಂತಿ, ಬೋದಿಗೆಯ ಭಾರ ಅದರ ಮೇಲೆ. ಜಾಕ್ ಇಟ್ಟು ಎತ್ತುವುದು ಪಳಗಿದವರ ಕೆಲಸ. ಮಾಡಿಸುವಾಗ ಮೂರು ಸಂಗತಿ ನಿಂತು ನೋಡಿಕೊಳ್ಳಿ: ಜಾಕಿನ ಕೆಳಗೆ ಅಗಲ ಹಲಗೆ ಇದೆಯೇ, ತೊಲೆ 2-3 ಮಿ.ಮೀ.ಗಿಂತ ಹೆಚ್ಚು ಏಳಲಿಲ್ಲ ತಾನೇ, ಎತ್ತಿದ ಮೇಲೆ ಜಾಕನ್ನೇ ನಂಬದೆ ಪಕ್ಕದಲ್ಲಿ ಬಲ್ಲಿ ಊರಿದ್ದಾರೆಯೇ.

ಬಿರುಕು

ಒಣಗುವಾಗ ಬಿದ್ದ ಉದ್ದುದ್ದ ಸೀಳುಗಳಿಂದ ಕಂಬದ ಬಲ ಕಡಿಮೆಯಾಗುವುದು ಅಪರೂಪ. ಲಂಬವಾಗಿ ನಿಂತ ಸೀಳಿನಲ್ಲಿ ನೀರು ನಿಲ್ಲುವುದಿಲ್ಲ, ಬಿಟ್ಟುಬಿಡಿ. ಮುಚ್ಚಬೇಕಾದದ್ದು ಅಡ್ಡ ಮಲಗಿದ ಕಟ್ಟಿಗೆಯ ಮೇಲ್ಮುಖದ ಬಿರುಕನ್ನು, ಎಂದರೆ ಹೊಸ್ತಿಲು, ಕಿಟಕಿಯ ಕೆಳಪಟ್ಟಿ, ಬಾಗಿಲ ಹಲಗೆಯ ಅಡ್ಡಪಟ್ಟಿಗಳದನ್ನು.

3 ಮಿ.ಮೀ.ಗಿಂತ ಸಣ್ಣದಕ್ಕೆ ಎಣ್ಣೆ ಪುಟ್ಟಿ: ಸೋಸಿದ ಚಾಕ್ ಪುಡಿಗೆ ಕುದಿಸಿದ ಅಗಸೆ ಎಣ್ಣೆ ಹನಿಹನಿಯಾಗಿ ಸೇರಿಸುತ್ತ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಒಣ ಬಿರುಕಿಗೆ ಮೊದಲು ಎಣ್ಣೆ ಒರೆಸಿ. ಇಲ್ಲದಿದ್ದರೆ ಕಟ್ಟಿಗೆ ಪುಟ್ಟಿಯ ಎಣ್ಣೆ ಹೀರಿ ಅದನ್ನು ಪುಡಿ ಮಾಡುತ್ತದೆ. ಅಗಲ ಬಿರುಕಿಗೆ ಅದೇ ಜಾತಿಯ ಕಟ್ಟಿಗೆಯ ತೆಳು ಬೆಣೆ ಸೀಳಿ, ಒಂದು ಮಗ್ಗುಲಿಗೆ ಮಾತ್ರ ಅಂಟು ಹಚ್ಚಿ ಕೂಡಿಸಿ. ಎರಡೂ ಕಡೆ ಅಂಟಿಸಿದರೆ ಮುಂದಿನ ಬೇಸಿಗೆಯಲ್ಲಿ ಬಿರುಕು ಬೇರೆ ಜಾಗ ಹುಡುಕಿಕೊಳ್ಳುತ್ತದೆ.

ಸೂರಿನ ಹಲಗೆ, ಗೋಡೆ ಹೊದಿಕೆಯ ಹಲಗೆ

ಈಚೆಗೆ ತೋಟದ ಮನೆಗಳ ಮುಂಭಾಗಕ್ಕೆ ಹಲಗೆ ಹೊದಿಸುವ ಶೋಕಿ ಬಂದಿದೆ. ಹಲಗೆಯನ್ನು ನೇರ ಗೋಡೆಗೆ ಅಂಟಿಸಿದ್ದರೆ ಹಿಂದೆ ತೇವ ಕೂತು ಎರಡು-ಮೂರು ವರ್ಷಕ್ಕೆ ಬಿಲ್ಲಿನಂತೆ ಬಾಗುತ್ತದೆ. ಗೋಡೆಗೆ ಮೊದಲು ಮುಕ್ಕಾಲು ಇಂಚಿನ ಉದ್ದ ಪಟ್ಟಿಗಳನ್ನು ಎರಡು ಅಡಿಗೊಂದು ನಿಲ್ಲಿಸಿ ಹೊಡೆದು, ಅದರ ಮೇಲೆ ಹಲಗೆ ಬರಬೇಕು. ಮೇಲೂ ಕೆಳಗೂ ಗಾಳಿ ಆಡಲು ಬಾಯಿ ಬಿಟ್ಟು, ಅದಕ್ಕೆ ಜಾಲರಿ ಹೊಡೆಯಿರಿ, ಇಲ್ಲದಿದ್ದರೆ ಹಲ್ಲಿ-ಇಲಿಗೆ ಮನೆಯಾಗುತ್ತದೆ. ಕೆಳಗಿನ ಹಲಗೆ ನೆಲದಿಂದ ಕನಿಷ್ಠ 8 ಇಂಚು ಮೇಲಿರಲಿ.

ಮೇಲಿನ ಹಲಗೆ ಕೆಳಗಿನದನ್ನು ಒಂದಿಂಚಾದರೂ ಮುಚ್ಚಬೇಕು. ಮೊಳೆ ಪ್ರತಿ ಹಲಗೆಗೆ ಒಂದೇ ಸಾಲು, ಮುಚ್ಚುವ ಪಟ್ಟಿಗಿಂತ ಸ್ವಲ್ಪ ಮೇಲೆ, ಕೆಳಗಿನ ಹಲಗೆಯನ್ನು ಚುಚ್ಚದಂತೆ. ಎರಡೂ ಅಂಚಿಗೆ ಮೊಳೆ ಹೊಡೆದ ಹಲಗೆಗೆ ಕುಗ್ಗಲು ದಾರಿ ಇರುವುದಿಲ್ಲ, ನಡುವೆ ಸೀಳುತ್ತದೆ. ಒಂದೇ ಹಲಗೆ ಬದಲಿಸಬೇಕಾದರೆ ಮೇಲಿನ ಹಲಗೆಯ ಕೆಳಗೆ ತೆಳು ಬೆಣೆ ತೂರಿಸಿ ಎತ್ತಿ, ಕಬ್ಬಿಣ ಕೊಯ್ಯುವ ಬ್ಲೇಡಿನಿಂದ ಮೊಳೆ ಕತ್ತರಿಸಿದರೆ ಕೆಟ್ಟ ಹಲಗೆ ಅಕ್ಕಪಕ್ಕ ಒಡೆಯದೆ ಜಾರಿ ಬರುತ್ತದೆ. ಹೊಸ ಹಲಗೆಯ ಆರೂ ಮುಖಕ್ಕೆ, ಕೊಯ್ದ ತುದಿಗಂತೂ ಎರಡು ಸಲ, ಎಣ್ಣೆ ಕೊಟ್ಟ ಮೇಲೆ ಹೊಡೆಯಿರಿ.

ಹಳೆ ಬಣ್ಣ ತೆಗೆಯುವುದು

ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆ ಬಾಗಿಲಿನ ಹತ್ತು ಪದರ ಎನಾಮಲಿನಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಬೆಂಕಿಯ ಜ್ವಾಲೆ ಹಿಡಿಯಬೇಡಿ, ಒಣಗಿದ್ದನ್ನು ಮಶೀನಿನಿಂದ ಉಜ್ಜಬೇಡಿ. ನೀರು ಸಿಂಪಡಿಸುತ್ತ ಕೆರೆದು, ಕೆಳಗೆ ಹಾಸಿದ ತಾಡಪತ್ರಿಯಲ್ಲಿ ಚಕ್ಕೆ ಕೂಡಿಸಿ. ಮಕ್ಕಳು, ಬಸುರಿಯರು ಅವತ್ತು ಬೇರೆ ಕಡೆ ಇರಲಿ. ಕೆರೆದ ಮೇಲೆ 80ರ ಉಸುಕು ಕಾಗದ, ಆಮೇಲೆ 120. ಅದಕ್ಕಿಂತ ನುಣುಪು ಮಾಡಿದರೆ ಎಣ್ಣೆ ಇಳಿಯುವುದಿಲ್ಲ. ಬಿಸಿಲಿಗೆ ಬೂದಿಯಾದ ಪದರ ಪೂರ್ತಿ ಹೋಗಿ ಕೆಂಪು-ಕಂದು ಕಾಣಬೇಕು. ಸತ್ತ ಆ ಪದರಿನ ಮೇಲೆ ಬಳಿದ ಬಣ್ಣ ಅದರ ಸಮೇತ ಕಳಚುತ್ತದೆ.

ಎಣ್ಣೆಯೋ ಬಣ್ಣವೋ

ಪಾರದರ್ಶಕ ವಾರ್ನಿಶ್ ಮಾತ್ರ ಬೇಡ. ನಮ್ಮ ಬಿಸಿಲು ಅದರ ಮೂಲಕ ಹಾಯ್ದು ಕೆಳಗಿನ ಕಟ್ಟಿಗೆಯನ್ನು ಸುಡುತ್ತದೆ, ಪಡುವಣ ಮುಖದ ಬಾಗಿಲಿನಲ್ಲಿ ಒಂದೆರಡು ವರ್ಷಕ್ಕೇ ಹಾವಿನ ಪೊರೆಯಂತೆ ಏಳುತ್ತದೆ. ಕೆತ್ತನೆ ಇರುವ, ಒಳ್ಳೆ ಚೇಗಿನ ಬಾಗಿಲಿಗೆ ಎಣ್ಣೆ. ಬೇವು, ಜಾಲಿ, ತೇಪೆ ಹಾಕಿದ ಕಟ್ಟಿಗೆಗೆ ಬಣ್ಣ.

ಎಣ್ಣೆ ಎಂದರೆ ಒಣಗುವ ಎಣ್ಣೆ, ಅಂದರೆ ಅಗಸೆಯದು. ಶೇಂಗಾ, ಔಡಲ, ಬೇವಿನ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ವಾಹನದ ಸುಟ್ಟ ಎಣ್ಣೆ ಬಳಿಯುವವರಿದ್ದಾರೆ. ಅದು ಮೈಗೆ ಒಳ್ಳೆಯದಲ್ಲ, ಒಮ್ಮೆ ಹೀರಿದ ಕಟ್ಟಿಗೆಗೆ ಮುಂದೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಗಾಣದ ಹಸಿ ಅಗಸೆ ಎಣ್ಣೆ ಒಣಗಲು ವಾರಕ್ಕೂ ಹೆಚ್ಚು ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಎಣ್ಣೆ ಒಂದೆರಡು ದಿನಕ್ಕೆ ಒಣಗುತ್ತದೆ. ಮನೆಯಲ್ಲಿ ಕುದಿಸಲು ಹೋಗಬೇಡಿ, ಬೆಂಕಿ ಹಿಡಿಯುತ್ತದೆ.

ಮೊದಲ ಕೈಗೆ ಎಣ್ಣೆ-ಟರ್ಪಂಟೈನ್ ಸಮಸಮ. ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಜಿಗುಟು ಚರ್ಮವಾಗುತ್ತದೆ. ಎರಡು ದಿನ ಬಿಟ್ಟು ಎಣ್ಣೆ ಎರಡು ಪಾಲು, ಟರ್ಪಂಟೈನ್ ಒಂದು ಪಾಲು. ಮತ್ತೆರಡು ದಿನಕ್ಕೆ ಬರಿ ಎಣ್ಣೆಯ ತೆಳು ಕೈ. 7 ಅಡಿ × 3.5 ಅಡಿ ಬಾಗಿಲಿನ ಎರಡೂ ಮುಖಕ್ಕೆ, ಅಂಚಿಗೆ ಸೇರಿ ಒಂದು ಲೀಟರಿನ ಸುಮಾರು ಮಿಶ್ರಣ ಸಾಕು. ಕೊಯ್ದ ತುದಿಗಳಿಗೆ ಇನ್ನು ಸಾಕು ಎನ್ನುವವರೆಗೆ ಕುಡಿಸಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಕಡ್ಡಿ ಗೀರದೆಯೂ ಬೆಂಕಿ ಏಳುತ್ತದೆ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಆಮೇಲೆ ಅಂಗಳದಲ್ಲಿ ಒಂದೊಂದಾಗಿ ಹರವಿ ಒಣಗಿಸಿ ಬಿಸಾಡಿ.

ಬಣ್ಣವಾದರೆ ಪ್ರೈಮರ್ ಒಂದು ಕೈ, ಎನಾಮಲ್ ಎರಡು ಕೈ. ಒಂದು ಲೀಟರ್ ಒಂದು ಕೈಗೆ ಸುಮಾರು 10 ಚದರ ಮೀಟರ್ ಬರುತ್ತದೆ, ಬಾಗಿಲು-ಚೌಕಟ್ಟಿಗೆ ಎರಡು ಕೈ ಲೆಕ್ಕದಲ್ಲಿ ಒಂದೂಕಾಲು ಲೀಟರ್ ತನ್ನಿ. ಡಿಸೆಂಬರಿನಲ್ಲಿ ಇಬ್ಬನಿ ಆರುವವರೆಗೆ ಕಾಯಿರಿ, ಸುಮಾರು ಹತ್ತು ಗಂಟೆಗೆ ಶುರುಮಾಡಿ ನೆರಳು ಬಿದ್ದ ಮುಖದಲ್ಲೇ ಕೆಲಸ ನಡೆಸಿ.

ಮತ್ತೆ ಯಾವಾಗ ಎಣ್ಣೆ ಬೇಕು ಎಂದು ತಿಳಿಯಲು ಬಾಗಿಲ ಕೆಳಭಾಗಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಮುತ್ತಿನಂತೆ ನಿಂತರೆ ಸರಿ. ಒಂದು ನಿಮಿಷದಲ್ಲಿ ಹೀರಿ ಕಪ್ಪಾದರೆ ಒಂದು ತೆಳು ಕೈ ಬೇಕು. ತೆಂಕಣ, ಪಡುವಣ ಮುಖಕ್ಕೆ ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ, ಬಡಗಣ ಮುಖಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ.

ಮಳೆಗಾಲದಲ್ಲಿ ಸಿಕ್ಕಿಕೊಳ್ಳುವ ಬಾಗಿಲು, ಕಬ್ಬಿಣದ ಸಾಮಾನು

ಜುಲೈನಲ್ಲಿ ಉಬ್ಬಿದ ಬಾಗಿಲನ್ನು ಜುಲೈನಲ್ಲೇ ರಂದಾ ಹೊಡೆದರೆ ಜನವರಿಯಲ್ಲಿ ಬೆರಳು ತೂರುವ ಸಂದಿ ಬೀಳುತ್ತದೆ. ಎಲ್ಲಿ ಉಜ್ಜುತ್ತಿದೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿಟ್ಟು, ಸದ್ಯಕ್ಕೆ ಮೇಣದಬತ್ತಿ ಸವರಿ. ನವೆಂಬರಿನಲ್ಲಿ ಬಿಚ್ಚಿ, ಗುರುತಿನ ಕಡೆ ಒಂದು-ಎರಡು ಮಿ.ಮೀ. ತೆಗೆದು, ಮೇಲಿನ ಮತ್ತು ಕೆಳಗಿನ ಅಂಚಿಗೆ ಎಣ್ಣೆ ಅಥವಾ ಪ್ರೈಮರ್ ಕುಡಿಸಿ ಹಾಕಿದರೆ ಮರುವರ್ಷ ಅಷ್ಟು ಉಬ್ಬುವುದಿಲ್ಲ. ಬಾಗಿಲು ಕೂತಿದ್ದಾಗ ಕೆಳಗಿನ ಅಂಚು ಕಾಣುವುದೇ ಇಲ್ಲ, ಹಾಗಾಗಿ ಅದಕ್ಕೆ ಬಣ್ಣ ಕಂಡ ಬಾಗಿಲುಗಳೂ ಅಪರೂಪ.

ಬಿಜಾಗರಿಯ ತಿರುಪು ಸಡಿಲಾಗಿ ಬಾಗಿಲು ಜೋತಿದ್ದರೆ ದೊಡ್ಡ ತಿರುಪು ಹಾಕುವ ಬದಲು ತೂತಿಗೆ ಅಂಟು ಹಚ್ಚಿದ ಸಾಗವಾನಿ ಕಡ್ಡಿ ಹೊಡೆದು, ಒಣಗಿದ ಮೇಲೆ ಹಳೆ ಅಳತೆಯ ತಿರುಪನ್ನೇ ಹೊಸದಾಗಿ ಕೂಡಿಸಿ. ಬಿಜಾಗರಿ ಇಲ್ಲದೆ ಕಲ್ಲಿನ ಕುಳಿಯಲ್ಲಿ ತಿರುಗುವ ಹಳೆ ಬಾಗಿಲಾದರೆ ಕುಳಿಯಲ್ಲಿ ಕೂತ ಮಣ್ಣು ವರ್ಷಕ್ಕೊಮ್ಮೆ ಕೆದಕಿ ತೆಗೆಯಿರಿ. ಆ ಮಣ್ಣು ತೇವ ಹಿಡಿದಿಟ್ಟು ತಿರುಗಣಿಯ ಗೂಟವನ್ನು ಕೊಳೆಸುತ್ತದೆ. ಕುಳಿಗೆ ಎಣ್ಣೆ ಬೇಡ, ಧೂಳಿನ ಜೊತೆ ಸೇರಿ ಅರೆಯುವ ಕಲ್ಲಾಗುತ್ತದೆ. ಮೇಣ ಅಥವಾ ಪೆನ್ಸಿಲಿನ ಕಪ್ಪು ಕಡ್ಡಿಯ (ಗ್ರಾಫೈಟ್) ಪುಡಿ ಹಾಕಿ. ಹಿತ್ತಾಳೆಯ ಗುಬ್ಬಿ, ಚಿಲಕ, ಕೊಂಡಿಗಳನ್ನು ಎಣ್ಣೆ ಕೊಡುವ ಮುಂಚೆಯೇ ಬಿಚ್ಚಿ ಹುಣಸೆಹಣ್ಣಿನಲ್ಲಿ ಬೇರೆಯಾಗಿ ತೊಳೆದುಕೊಳ್ಳಿ. ಬಾಗಿಲಲ್ಲೇ ಉಜ್ಜಿದರೆ ಹುಣಸೆಯ ಹುಳಿ ಕಬ್ಬಿಣದ ಮೊಳೆಯ ಸುತ್ತ ಕಟ್ಟಿಗೆಯನ್ನು ಕಪ್ಪು ಮಾಡುತ್ತದೆ, ಆ ಕಲೆ ಉಸುಕು ಕಾಗದಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ.